ಚಿಪ್ಪು ಮೂಡುವ ಮೊದಲೇ

ಅಂಗಡಿಯಿಂದ ತಂದ ಮೊಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿದರೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾ ತೊಲಗಿತು ಎಂದು ನಂಬಿದವರು ಬಹಳ. ಕೋಳಿ ಗೆಲುವಾಗಿದ್ದರೆ ಮೊಟ್ಟೆಯೂ ಚೊಕ್ಕ ಎನ್ನುವವರು ಇನ್ನೂ ಹೆಚ್ಚು. ಈ ಬ್ಯಾಕ್ಟೀರಿಯಾದ ಒಂದು ಬಗೆ ಈ ಎರಡೂ ನಂಬಿಕೆಗಳನ್ನು ಒಂದೇ ಏಟಿಗೆ ಕೆಡವುತ್ತದೆ: ಸಾಲ್ಮೊನೆಲ್ಲಾ ಎಂಟರಿಟಿಡಿಸ್. ಅದು ಕೋಳಿಯ ಅಂಡಾಶಯ, ಅಂಡನಾಳಗಳಲ್ಲಿ ಬಿಡಾರ ಹೂಡುತ್ತದೆ. ಕೋಳಿ ಮಾತ್ರ ಎಂದಿನಂತೆ ಕೆದಕುತ್ತದೆ, ಮೇಯುತ್ತದೆ, ಮೊಟ್ಟೆಯಿಡುತ್ತದೆ. ಕೆಲವು ಮೊಟ್ಟೆಗಳಲ್ಲಿ ಚಿಪ್ಪು ಮೂಡುವ ಮೊದಲೇ ಬ್ಯಾಕ್ಟೀರಿಯಾ ಒಳಗಿರುತ್ತದೆ. ಹೊರಗೆ ಉಜ್ಜಿ ಏನು ಬಂತು?

(ಸಾಲ್ಮನ್ ಮೀನಿಗೂ ಇದಕ್ಕೂ ನಂಟಿಲ್ಲ. ಹೆಸರು ಬಂದದ್ದು ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರಿಂದ. 1885ರಲ್ಲಿ ಹಂದಿಗಳಲ್ಲಿ ಇದನ್ನು ಬೇರ್ಪಡಿಸಿದವರು ಅವರ ಕೈಕೆಳಗಿದ್ದ ಥಿಯೋಬಾಲ್ಡ್ ಸ್ಮಿತ್. ಹಂದಿಜ್ವರಕ್ಕೆ ಇದೇ ಕಾರಣವೆಂದು ಅವರು ಭಾವಿಸಿದ್ದೂ ತಪ್ಪು, ಅದಕ್ಕೆ ಕಾರಣ ವೈರಸ್.)

ಸಾಲ್ಮೊನೆಲ್ಲಾದಲ್ಲಿ 2,500ಕ್ಕೂ ಹೆಚ್ಚು ಬಗೆಗಳಿವೆ. ವಿಷಮಶೀತಜ್ವರ ತರುವ ಟೈಫಿ ಮನುಷ್ಯನನ್ನು ಬಿಟ್ಟು ಬೇರೆ ಪ್ರಾಣಿಯ ತಂಟೆಗೆ ಹೋಗದು. ಗ್ಯಾಲಿನೇರಮ್ ಹಕ್ಕಿಗಳಿಗೇ ಮೀಸಲು. ಅದು ಹೊಕ್ಕರೆ ಕೋಳಿ ತೂಕಡಿಸಿ, ಜುಟ್ಟು ಬಿಳಿಚಿ ಸಾಯುತ್ತದೆ. ಎಂಟರಿಟಿಡಿಸ್‌ಗೆ ಇಲಿ, ಕೋಳಿ, ನಾವು, ಯಾರಾದರೂ ಸರಿ.

ಸ್ವಾರಸ್ಯ ಇಲ್ಲಿದೆ. ಬ್ರಿಟನ್ ಮತ್ತು ಅಮೆರಿಕದಲ್ಲಿ ಕೋಳಿಗಳ ರಕ್ತ ಪರೀಕ್ಷಿಸಿ, ಸೋಂಕಿದ್ದವನ್ನು ಕೊಂದು, 1970ರ ದಶಕದ ಹೊತ್ತಿಗೆ ದೊಡ್ಡ ಫಾರ್ಮ್‌ಗಳಿಂದ ಗ್ಯಾಲಿನೇರಮ್ ಅನ್ನು ಓಡಿಸಿದರು. ಅದರ ಬೆನ್ನಿಗೇ ಎಂಟರಿಟಿಡಿಸ್ ಏರಿತು. ಇದು ಕಾಕತಾಳೀಯವಲ್ಲ ಎಂದು ವಿಜ್ಞಾನಿ ಆಂಡ್ರಿಯಾಸ್ ಬಾಯ್ಮ್ಲರ್ ಮತ್ತು ಸಂಗಡಿಗರು 2000ರಲ್ಲಿ ವಾದಿಸಿದರು. ಎರಡೂ ಬ್ಯಾಕ್ಟೀರಿಯಾಗಳ ಮೈಮೇಲಿನ ಸಕ್ಕರೆಯ ಸರಪಳಿ ಒಂದೇ ಬಗೆಯದು. ಕಳ್ಳರಿಬ್ಬರು ಒಂದೇ ಬಣ್ಣದ ಅಂಗಿ ತೊಟ್ಟಂತೆ: ಒಬ್ಬನಿಂದ ಪೆಟ್ಟು ತಿಂದ ಕಾವಲುಗಾರ, ಅಂದರೆ ಕೋಳಿಯ ರೋಗನಿರೋಧಕ ಶಕ್ತಿ, ಇನ್ನೊಬ್ಬನನ್ನೂ ಬಾಗಿಲಲ್ಲೇ ತಡೆಯುತ್ತಾನೆ. ಅಥವಾ ಬಸ್ಸಿನ ಸೀಟಿಗೆ ಗ್ಯಾಲಿನೇರಮ್ ಟವೆಲ್ ಹಾಕಿಟ್ಟಿತ್ತು ಎನ್ನಿ. ಪ್ರಯಾಣಿಕನ ಜೊತೆ ಟವೆಲನ್ನೂ ಕಿತ್ತೆಸೆದರು, ಕಿಟಕಿಯಿಂದ ಇನ್ನೊಬ್ಬ ತೂರಿಕೊಂಡ. ಈತ ಗಲಾಟೆ ಮಾಡುವವನಲ್ಲ, ಹಾಗಾಗಿ ಕಂಡಕ್ಟರ್‌ಗೆ ಗೊತ್ತಾಗಲೇ ಇಲ್ಲ.

ಕಿಟಕಿ ಯಾವುದು? ಬಹುಶಃ ಇಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಎಂಟರಿಟಿಡಿಸ್ ಅನ್ನೇ ಬೆಳೆಸಿ ಇಲಿಪಾಷಾಣವೆಂದು ಮಾರುತ್ತಿದ್ದರು! ಒಂದರ ಹೆಸರು ‘ಲಿವರ್‌ಪೂಲ್ ವೈರಸ್’. ಒಳಗಿದ್ದದ್ದು ಮಾತ್ರ ಬ್ಯಾಕ್ಟೀರಿಯಾ. ಇಲಿಗಿಟ್ಟದ್ದು ಮನುಷ್ಯರ ಹೊಟ್ಟೆ ಸೇರಿ ಜನ ಹಾಸಿಗೆ ಹಿಡಿದದ್ದೂ ಉಂಟು.

1988ರ ಡಿಸೆಂಬರ್‌ನಲ್ಲಿ ಬ್ರಿಟನ್‌ನ ಕಿರಿಯ ಆರೋಗ್ಯ ಸಚಿವೆ ಎಡ್ವಿನಾ ಕರಿ, ದೇಶದ ಬಹುಪಾಲು ಮೊಟ್ಟೆ ಉತ್ಪಾದನೆಗೆ ಸಾಲ್ಮೊನೆಲ್ಲಾ ತಗುಲಿದೆ ಎಂದುಬಿಟ್ಟರು. ಮಾತು ಉತ್ಪ್ರೇಕ್ಷೆಯದು, ಅದರ ಹಿಂದಿನ ಆತಂಕವಲ್ಲ. ಮೊಟ್ಟೆ ಮಾರಾಟ ಕುಸಿಯಿತು, ಎರಡು ವಾರದಲ್ಲಿ ಅವರ ಹುದ್ದೆ ಹೋಯಿತು. ಆಮೇಲೆ ಕೋಳಿಗಳಿಗೆ ಲಸಿಕೆ ಬಂತು. 2017ರಲ್ಲಿ ಅಲ್ಲಿನ ಆಹಾರ ಸಂಸ್ಥೆ, ಲಸಿಕೆ ಹಾಕಿದ ಕೋಳಿಗಳದೆಂದು ಸಿಂಹದ ಮುದ್ರೆಯಿರುವ ಮೊಟ್ಟೆಯನ್ನು ಗರ್ಭಿಣಿಯರೂ ಅರೆಬೇಯಿಸಿ ತಿನ್ನಬಹುದು ಎಂದಿತು.

ಹಾಗಾದರೆ ಸೋಂಕಿನ ಮೊಟ್ಟೆ ತಿಂದವರೆಲ್ಲ ಏಕೆ ಮಲಗುವುದಿಲ್ಲ? ತಾಜಾ ಮೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ತೀರ ಕಡಿಮೆ. ಬಿಳಿಭಾಗದ ಪ್ರೋಟೀನೊಂದು ಕಬ್ಬಿಣವನ್ನೆಲ್ಲ ಬಿಗಿಹಿಡಿದು ಬ್ಯಾಕ್ಟೀರಿಯಾವನ್ನು ಉಪವಾಸ ಕೆಡವುತ್ತದೆ. ಸೆಖೆಯಲ್ಲಿ ದಿನಗಟ್ಟಲೆ ಇಟ್ಟಾಗ ಹಳದಿಯ ಪೊರೆ ಸಡಿಲಗೊಂಡು ಪೋಷಕಾಂಶ ಹೊರಗೆ ಸೋರುತ್ತದೆ. ಉಪವಾಸ ಮುಗಿದು ಔತಣ ಶುರುವಾಗುತ್ತದೆ. ಅದನ್ನು ತಿಂದವರಿಗೆ ಜ್ವರ, ಹೊಟ್ಟೆನುಲಿತ, ಭೇದಿ. ಹೆಚ್ಚಿನವರು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಕೂಸುಗಳಲ್ಲಿ, ವೃದ್ಧರಲ್ಲಿ ಸೋಂಕು ರಕ್ತಕ್ಕೂ ಇಳಿಯಬಹುದು.

ಆ ಸಿಂಹ ನಮ್ಮ ಅಂಗಡಿಯ ಮೊಟ್ಟೆಗಳ ಮೇಲಿಲ್ಲ. ಹಳದಿ ಗಟ್ಟಿಯಾಗುವವರೆಗೆ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಅಷ್ಟೇ ಸಾಕು. ಆದರೂ ಹಾಲಿಗೆ ಹಸಿ ಮೊಟ್ಟೆ ಒಡೆದು ಕುಡಿದರೆ ಕಸುವು ಎನ್ನುವ ಪೈಲ್ವಾನರು ಇದ್ದೇ ಇದ್ದಾರೆ. ಬೆಂದ ಮೊಟ್ಟೆಯ ಪ್ರೋಟೀನು ನೂರರಲ್ಲಿ ಸುಮಾರು 90 ಪಾಲು ಮೈಗೆ ಹತ್ತಿದರೆ, ಹಸಿಯದು ಹತ್ತುವುದು 50ರಷ್ಟು ಎಂದು 1998ರಲ್ಲೇ ಅಳೆದಾಗಿದೆ. ಉಳಿದದ್ದು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಪಾಲು.