ಮಳೆಗಾಲದಲ್ಲಿ ಇಳಿಯುವ ಕಡಲು

ಮುಂಗಾರಿನಲ್ಲಿ ನಮ್ಮ ಕರಾವಳಿಯ ಕಡಲಿನ ಅಬ್ಬರ ನೋಡಿದವರು, ವರ್ಷದಲ್ಲಿ ನೀರಿನ ಮಟ್ಟ ಆಗಲೇ ಜಾಸ್ತಿ ಇರಬೇಕು ಅಂದುಕೊಳ್ಳುತ್ತಾರೆ. ಸಹಜ ಅಲ್ವಾ? ಆದರೆ ಅಲೆಗಳನ್ನೂ ಉಬ್ಬರವಿಳಿತವನ್ನೂ ಬದಿಗಿಟ್ಟು ತಿಂಗಳ ಸರಾಸರಿ ತೆಗೆದರೆ ಲೆಕ್ಕ ತಿರುಗುಮುರುಗಾಗುತ್ತದೆ. ಕಾರವಾರ, ಮಂಗಳೂರಿನ ಕಡೆ ಸಮುದ್ರಮಟ್ಟ ತೀರಾ ಕೆಳಗಿರುವುದು ಮಳೆಗಾಲದ ಕೊನೆಯ ಹೊತ್ತಿಗೆ. ಮೇಲಿರುವುದು ಡಿಸೆಂಬರ್-ಜನವರಿ ಸುಮಾರಿಗೆ. ಎರಡರ ನಡುವೆ ಹತ್ತಿಪ್ಪತ್ತು ಸೆಂಟಿಮೀಟರ್ ವ್ಯತ್ಯಾಸ.

ಇದರ ಹಿಂದಿರುವುದು ಗಾಳಿ ಮತ್ತು ಭೂಮಿಯ ತಿರುಗುವಿಕೆ. ಮುಂಗಾರಿನಲ್ಲಿ ದಂಡೆಯುದ್ದಕ್ಕೂ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ಭೂಮಿ ತಿರುಗುವುದರಿಂದ, ಉತ್ತರಾರ್ಧಗೋಳದಲ್ಲಿ ಹರಿಯುವ ನೀರು ತನ್ನ ಬಲಕ್ಕೆ ಸರಿಯುತ್ತದೆ. ದಕ್ಷಿಣಕ್ಕೆ ಮುಖ ಮಾಡಿದರೆ ಬಲಗಡೆ ಇರುವುದು ನಡುಗಡಲು. ಹಾಗಾಗಿ ನೀರು ದಂಡೆ ಬಿಟ್ಟು ಸರಿಯುತ್ತದೆ, ಮಟ್ಟ ಇಳಿಯುತ್ತದೆ. ತೆರವಾದ ಜಾಗಕ್ಕೆ ಆಳದಿಂದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಏರಿ ಬರುತ್ತದೆ. ನಮ್ಮ ಭೂತಾಯಿ, ಬಂಗುಡೆಗೆ ಮೇವು ಸಿಗುವುದು ಈ ನೀರಿನಿಂದಲೇ. ಚಳಿಗಾಲದಲ್ಲಿ ಪ್ರವಾಹ ಉತ್ತರಕ್ಕೆ ತಿರುಗುತ್ತದೆ, ನೀರು ದಂಡೆಗೆ ಒತ್ತಿಕೊಳ್ಳುತ್ತದೆ. ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯಿರುವ ಹಗುರ ನೀರೂ ಶ್ರೀಲಂಕಾ ಸುತ್ತಿ ಬಂದು ಸೇರುತ್ತದೆ.

1993ರಿಂದೀಚೆಗೆ ಜಗತ್ತಿನ ಸರಾಸರಿ ಸಮುದ್ರಮಟ್ಟ ಏರಿರುವುದು ಸುಮಾರು 10 ಸೆಂಟಿಮೀಟರ್. ಮೂವತ್ತು ವರ್ಷದಲ್ಲಿ ಆಗಿರುವ ಈ ಏರಿಕೆಯಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ನಮ್ಮ ಕಡಲು ಅರ್ಧ ವರ್ಷದಲ್ಲೇ ಏರಿಳಿಯುತ್ತದೆ. ಇಷ್ಟು ದೊಡ್ಡ ಏರಿಳಿತದೊಳಗೆ ವರ್ಷಕ್ಕೆ ಮೂರು-ನಾಲ್ಕು ಮಿಲಿಮೀಟರನ್ನು ಹುಡುಕುವುದು ಹೇಗೆ?

1992ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ಫ್ರಾನ್ಸ್ ಸೇರಿ ಟೋಪೆಕ್ಸ್/ಪೊಸೈಡಾನ್ ಉಪಗ್ರಹ ಹಾರಿಸಿದವು. ಅದು 1,336 ಕಿ.ಮೀ. ಎತ್ತರದಿಂದ ಸಮುದ್ರಕ್ಕೆ ರೇಡಾರ್ ಮಿಡಿತ ಬಿಡುತ್ತಿತ್ತು. ಮಿಡಿತ ಹೋಗಿ ಬರಲು ಸೆಕೆಂಡಿನ ನೂರನೇ ಒಂದು ಭಾಗವೂ ಬೇಡ. ಆ ಸಮಯದಿಂದ ದೂರ, ದೂರದಿಂದ ನೀರಿನ ಎತ್ತರ. ದಾರಿಯಲ್ಲಿ ಗಾಳಿಯ ತೇವಾಂಶ ಮಿಡಿತವನ್ನು ತಡಮಾಡುತ್ತದೆ. ಅದನ್ನೂ ಉಪಗ್ರಹದಲ್ಲೇ ಅಳೆದು ಕಳೆಯಬೇಕು. ಒಂದೊಂದು ಅಳತೆಯಲ್ಲಿ ಕೆಲವು ಸೆಂಟಿಮೀಟರ್ ತಪ್ಪು ಇದ್ದೇ ಇರುತ್ತದೆ. ಲಕ್ಷಾಂತರ ಅಳತೆಗಳ ಸರಾಸರಿ ತೆಗೆದಾಗ ಮಿಲಿಮೀಟರ್ ಕಾಣುತ್ತದೆ.

ಇಲ್ಲಿ ನನಗೆ ತುಂಬಾ ಇಷ್ಟವಾಗುವುದು ಕಕ್ಷೆಯ ಆಯ್ಕೆ. ಈ ಉಪಗ್ರಹ ಒಂದೇ ಜಾಗಕ್ಕೆ ಮರಳುತ್ತಿದ್ದುದು ಸುಮಾರು 10 ದಿನಕ್ಕೊಮ್ಮೆ. ದಿನಕ್ಕೆ ಎರಡು ಸಲ ಬರುವ ಚಂದ್ರನ ಉಬ್ಬರ ಅದರ ಕಣ್ಣಿಗೆ 62 ದಿನಕ್ಕೊಮ್ಮೆ ಬರುವ ಏರಿಳಿತದಂತೆ ಕಾಣುತ್ತಿತ್ತು. ಅದು ಸುಳ್ಳು ಏರಿಳಿತವೇ, ಆದರೆ ಗುರುತಿಸಿ ತೆಗೆಯಬಹುದು. ದಿನವೂ ಅದೇ ಗಂಟೆಗೆ ಹಾದುಹೋಗುವ ಕಕ್ಷೆ ಆರಿಸಿದ್ದರೆ, ಸೂರ್ಯನಿಂದಾಗುವ ಉಬ್ಬರ ಪ್ರತಿ ಸಲವೂ ಒಂದೇ ಹಂತದಲ್ಲಿ ಸಿಕ್ಕು, ಸಮುದ್ರದ ಸರಾಸರಿ ಮಟ್ಟದೊಳಗೇ ಬೆರೆತುಹೋಗುತ್ತಿತ್ತು.

ಮುಂದಿನದು ಲೆಕ್ಕದ ಕೆಲಸ. ಎಲ್ಲ ವರ್ಷಗಳ ಜನವರಿಗಳ ಸರಾಸರಿ ತೆಗೆಯಿರಿ, ಆಮೇಲೆ ಫೆಬ್ರವರಿಗಳದ್ದು, ಹೀಗೆ 12 ತಿಂಗಳಿಗೂ. ಪ್ರತಿ ತಿಂಗಳ ಅಳತೆಯಿಂದ ಆ ತಿಂಗಳ ಸರಾಸರಿ ಕಳೆಯಿರಿ. ಋತುವಿನ ಏರಿಳಿತ ಹೋಗುತ್ತದೆ, ನಿಧಾನದ ಏರಿಕೆ ಉಳಿಯುತ್ತದೆ. ಈ ಹಂತ ಬಿಟ್ಟು, ಸುಮ್ನೆ ಒಂದು ಸೆಪ್ಟೆಂಬರ್‌ನಿಂದ ಹತ್ತು ವರ್ಷದಾಚೆಯ ಜನವರಿಗೆ ಗೆರೆ ಎಳೆದರೆ, ಋತುವಿನ 15 ಸೆಂಟಿಮೀಟರ್ ವರ್ಷಕ್ಕೆ ಸುಮಾರು 15 ಮಿಲಿಮೀಟರ್ ಸುಳ್ಳು ಏರಿಕೆಯಾಗಿ ಸೇರಿಕೊಳ್ಳುತ್ತದೆ.

ಋತು ಕಳೆದರೂ ಗೆರೆ ನೇರವಾಗಿರುವುದಿಲ್ಲ. 2010-11ರ ಲಾ ನಿನಾ (ಪೆಸಿಫಿಕ್ ಸಾಗರದ ಮೇಲ್ನೀರು ತಣ್ಣಗಾಗಿ ಮಳೆಯ ಜಾಗ ಬದಲಾಗುವ ವಿದ್ಯಮಾನ) ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕದ ಮೇಲೆ ಎಷ್ಟು ಮಳೆ ಸುರಿಸಿತೆಂದರೆ, ಅಷ್ಟು ನೀರು ನೆಲದ ಮೇಲೆ ಉಳಿದು ಜಗತ್ತಿನ ಸಮುದ್ರಮಟ್ಟವೇ ಸುಮಾರು 5 ಮಿಲಿಮೀಟರ್ ಇಳಿಯಿತು. ಆ ವರ್ಷವನ್ನಷ್ಟೇ ನೋಡಿದ್ದರೆ ಏರಿಕೆ ನಿಂತಿತು ಅನ್ನಬಹುದಿತ್ತು. ಪೂರ್ತಿ ದಾಖಲೆ ಬೇರೆಯದೇ ಹೇಳುತ್ತದೆ: 1993ರಲ್ಲಿ ವರ್ಷಕ್ಕೆ 2 ಮಿಲಿಮೀಟರ್ ಆಸುಪಾಸಿನಲ್ಲಿದ್ದ ವೇಗ, 2023ರ ಹೊತ್ತಿಗೆ 4.5ರ ಹತ್ತಿರ ಬಂದಿದೆ.

ಆದರೆ ಜನ ಬದುಕುವ ದಂಡೆಯ ಹತ್ತಿರವೇ ಉಪಗ್ರಹದ ಅಳತೆ ಸೋಲುತ್ತದೆ. ರೇಡಾರ್‌ನ ಪ್ರತಿಧ್ವನಿಯಲ್ಲಿ ನೆಲವೂ ಬೆರೆಯುವುದೇ ಇದಕ್ಕೆ ಕಾರಣ. 2013ರ ಫೆಬ್ರವರಿಯಲ್ಲಿ ಶ್ರೀಹರಿಕೋಟಾದಿಂದ ಹಾರಿದ ಇಸ್ರೊ-ಫ್ರಾನ್ಸ್ ಉಪಗ್ರಹ ಸರಳ್, ಹಿಂದಿನವಕ್ಕಿಂತ ಕಿರಿದಾದ ತರಂಗಾಂತರದ ರೇಡಾರ್ ಬಳಸಿ ದಂಡೆಗೆ ಇನ್ನಷ್ಟು ಹತ್ತಿರ ಅಳೆಯಿತು. ಅದಕ್ಕೂ ನಿಲುಕದ, ದಂಡೆಗೆ ಅಂಟಿಕೊಂಡ ಕೊನೆಯ ನೀರಿನ ಪಟ್ಟಿಯಲ್ಲಿ ಬಂದರುಗಳ ಹಳೆಯ ಉಬ್ಬರ ಮಾಪಕಗಳೇ ಬೇಕು.