ಸತ್ತ ನೋಡ್‌ನ ಹೆಸರು ಮೊದಲು ಹೊಡೆದುಹಾಕಿ

ರಾಮ, ಭೀಮ, ಸೋಮ ಅಂತ ಮೂರು ಕಂಪ್ಯೂಟರ್‌ಗಳ ಒಂದು ಕ್ಲಸ್ಟರ್ ಇದೆ. ಮೂರೂ ಸೇರಿ ಮಾಡುವುದು ಒಂದೇ ಕೆಲಸ, ಒಂದೊಂದು ಕಂಪ್ಯೂಟರೂ ಒಂದೊಂದು ನೋಡ್. ಸೋಮ ಕೆಟ್ಟು ಕೂತಿದ್ದಾನೆ. ಈಗ ಮೊದಲು ಹೊಸ ನೋಡ್ ಸೇರಿಸುತ್ತೀರಾ, ಇಲ್ಲ ಸೋಮನನ್ನು ತೆಗೆಯುತ್ತೀರಾ? ಇರೋದೇ ಎರಡು, ಮೊದಲು ಹೊಸದು ಬರಲಿ ಅಂತ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಅದು ತಪ್ಪು. ಯಾಕೆ ಅನ್ನೋದು ಬೆರಳಲ್ಲಿ ಎಣಿಸುವಷ್ಟು ಸುಲಭದ ಲೆಕ್ಕ.

ಎಟ್‌ಸಿಡಿ ಅನ್ನೋ ಸಾಫ್ಟ್‌ವೇರನ್ನೇ ತಗೊಳ್ಳಿ. 2013ರಲ್ಲಿ ಕೋರ್‌ಓಎಸ್ ಕಂಪನಿಯವರು ಶುರು ಮಾಡಿದ್ದು, ಹಲವು ಕಂಪ್ಯೂಟರ್‌ಗಳಲ್ಲಿ ಪ್ರೋಗ್ರಾಂಗಳನ್ನು ನಡೆಸಿ ನೋಡಿಕೊಳ್ಳುವ ಕುಬರ್ನೆಟಿಸ್ ತನ್ನ ಲೆಕ್ಕಪತ್ರವೆಲ್ಲ ಇಡೋದು ಸಾಮಾನ್ಯವಾಗಿ ಇದರಲ್ಲೇ. ಎಲ್ಲ ನೋಡ್‌ಗಳಲ್ಲೂ ಅದೇ ಮಾಹಿತಿಯ ಪ್ರತಿ ಇರುತ್ತದೆ, ಹೊಸದೇನಾದರೂ ಬರೆಯಬೇಕಾದರೆ ಅರ್ಧಕ್ಕಿಂತ ಜಾಸ್ತಿ ನೋಡ್‌ಗಳು ಒಪ್ಪಬೇಕು. ಕೋರಂ ಇಲ್ಲದೆ ಪಂಚಾಯಿತಿ ಸಭೆ ಮುಂದಕ್ಕೆ ಹೋಯಿತು ಅಂತ ಪೇಪರ್‌ನಲ್ಲಿ ಓದುತ್ತೀರಲ್ಲ, ಇಲ್ಲೂ ಅದೇ ಕೋರಂ. ಅದನ್ನು ಲೆಕ್ಕ ಹಾಕೋದು ಸಭೆಗೆ ಬಂದವರನ್ನು ನೋಡಿ ಅಲ್ಲ, ಪಟ್ಟಿಯಲ್ಲಿರುವ ಹೆಸರುಗಳನ್ನು ನೋಡಿ. ಸತ್ತ ನೋಡ್ ಕೂಡ ಹೆಸರು ತೆಗೆಯುವವರೆಗೆ ಸದಸ್ಯನೇ.

ಈಗ ಎಣಿಸಿ. ಮೂರು ಹೆಸರಿಗೆ ಕೋರಂ 2. ರಾಮ, ಭೀಮ ಇದ್ದಾರೆ, ಕೆಲಸ ಸಾಗುತ್ತಿದೆ. ಗಾಬರಿಯಲ್ಲಿ ಹೊಸಬ ಒಬ್ಬನನ್ನು ಪಟ್ಟಿಗೆ ಸೇರಿಸಿದಿರಿ ಅನ್ನಿ. ಹೆಸರು ನಾಲ್ಕಾಯಿತು, ಕೋರಂ 3ಕ್ಕೆ ಏರಿತು, ಬದುಕಿರೋದು ಮಾತ್ರ ಇಬ್ಬರೇ. ಹೊಸಬ ಸರಿಯಾಗಿ ಎದ್ದರೆ ಬಚಾವ್. ಅವನ ವಿಳಾಸದಲ್ಲಿ ಒಂದು ಅಂಕಿ ತಪ್ಪಿದ್ದರೂ ಅವನು ಬರೋದಿಲ್ಲ, ಬರೆಯುವ ಕೆಲಸ ನಿಂತೇಹೋಗುತ್ತದೆ. ಸರಿ, ತಪ್ಪಾಗಿ ಸೇರಿಸಿದವನನ್ನು ತೆಗೆದುಹಾಕೋಣ ಅಂದರೆ ಅದಕ್ಕೂ ಮೂರು ಓಟು ಬೇಕು! ಇನ್ನು ಸೋಮನನ್ನು ಹೇಗಾದರೂ ಎಬ್ಬಿಸಬೇಕು, ಇಲ್ಲವೇ ಬ್ಯಾಕಪ್ ಹುಡುಕಬೇಕು.

ಸೋಮನನ್ನು ಮೊದಲೇ ತೆಗೆದಿದ್ದರೆ? ಹೆಸರು 2, ಕೋರಂ 2. ಆಮೇಲೆ ಹೊಸಬ ಬಂದರೆ ಹೆಸರು 3, ಕೋರಂ ಆಗಲೂ 2. ಅವನು ಎಡವಿ ಬಿದ್ದರೂ ರಾಮ, ಭೀಮ ನಡೆಸಿಕೊಂಡು ಹೋಗುತ್ತಾರೆ. ಇಬ್ಬರೇ ಇರುವ ಆ ಹೊತ್ತಲ್ಲಿ ಒಬ್ಬ ಬಿದ್ದರೆ ಅಂತ ಕೇಳಬಹುದು. ಸೋಮನ ಹೆಸರು ಪಟ್ಟಿಯಲ್ಲಿದ್ದಾಗಲೂ ಅದೇ ಗತಿ ಇತ್ತು, ಅವನ ಹೆಸರಿನಿಂದ ರಕ್ಷಣೆಯೇನೂ ಸಿಗುತ್ತಿರಲಿಲ್ಲ. 2019ರಲ್ಲಿ ಬಂದ ಎಟ್‌ಸಿಡಿ 3.4ರಲ್ಲಿ ಹೊಸಬನನ್ನು ಓಟಿಲ್ಲದ ಕಲಿಕೆಯವನಾಗಿ ಕೂರಿಸಿ, ಮಾಹಿತಿಯೆಲ್ಲ ನಕಲಾದ ಮೇಲೆ ಓಟು ಕೊಡುವ ದಾರಿಯೂ ಇದೆ. ಒಳ್ಳೆ ಏರ್ಪಾಡು.

ಇನ್ನೊಂದು ಆಸೆ ಬರುತ್ತದೆ. ಸೋಮನ ಡಿಸ್ಕ್ ತಾನೇ ಹೋಗಿದ್ದು, ಖಾಲಿ ಡಿಸ್ಕ್ ಹಾಕಿ ಅದೇ ಗುರುತಿನಲ್ಲಿ ಎಬ್ಬಿಸಿದರೆ ಮುಗೀತಲ್ಲ ಅಂತ. ಮುಗಿಯೋದಿಲ್ಲ. ರಾಮನೂ ಸೋಮನೂ ಒಪ್ಪಿ ಒಂದು ವಿಷಯ ಬರೆದುಕೊಂಡರು, ಭೀಮನಿಗೆ ಅದು ತಲುಪುವಷ್ಟರಲ್ಲಿ ಸೋಮನ ಡಿಸ್ಕ್ ಹೋಯಿತು ಅಂದುಕೊಳ್ಳಿ. ಸೋಮ ಎಲ್ಲ ಮರೆತು ವಾಪಸ್ ಬಂದ. ರಾಮ ಅದೇ ಹೊತ್ತಿಗೆ ನೆಟ್‌ವರ್ಕ್ ಸಿಗದೆ ಆಚೆ ಉಳಿದ. ಭೀಮ, ಸೋಮ ಸೇರಿದರೆ ಕೋರಂ ಆಯಿತು, ಇಬ್ಬರಿಗೂ ಆ ವಿಷಯ ಗೊತ್ತಿಲ್ಲ, ಹಾಗಾಗಿ ಬರೆದಾಗಿದೆ ಅಂತ ಮಾತು ಕೊಟ್ಟಿದ್ದ ಮಾಹಿತಿ ಸದ್ದಿಲ್ಲದೆ ಮಾಯ. ಇದಕ್ಕೇ ಖಾಲಿ ಡಿಸ್ಕ್‌ನವನು ಹೊಸ ಗುರುತು ತಗೊಂಡು ಹೊಸ ಸದಸ್ಯನಾಗಿಯೇ ಬರಬೇಕು.

ಇಷ್ಟಕ್ಕೂ ಒಂದು ನೋಡ್ ಸತ್ತಿದೆ ಅಂತ ತೀರ್ಮಾನ ಮಾಡೋದು ಯಾರು? ಎಟ್‌ಸಿಡಿ ತಾನಾಗಿ ಯಾರ ಹೆಸರನ್ನೂ ಹೊಡೆಯೋದಿಲ್ಲ, ಆ ಕೆಲಸ ನಿಮ್ಮದು. ದೊಡ್ಡ ದೊಡ್ಡ ಕಡತಗಳನ್ನು ತುಣುಕು ಮಾಡಿ ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಡುವ ಹಡೂಪ್‌ನ ಕಡತ ವ್ಯವಸ್ಥೆ ಬೇರೆ ಥರ. ಅಲ್ಲಿ ಪ್ರತಿ ನೋಡ್ 3 ಸೆಕೆಂಡಿಗೊಮ್ಮೆ ನಾನಿದ್ದೇನೆ ಅಂತ ಹೇಳಬೇಕು, ಮಾಮೂಲಿ ಸೆಟ್ಟಿಂಗ್‌ನಲ್ಲಿ ಹತ್ತೂವರೆ ನಿಮಿಷ ಸದ್ದಿಲ್ಲದಿದ್ದರೆ ಸತ್ತಿತು ಅಂತಲೇ ಲೆಕ್ಕ, ಅದರಲ್ಲಿದ್ದ ತುಣುಕುಗಳಿಗೆ ಬೇರೆ ನೋಡ್‌ಗಳಲ್ಲಿ ಹೊಸ ಪ್ರತಿ ಮಾಡೋದು ಶುರು. ಅಷ್ಟು ಹೊತ್ತು ಕಾಯೋದು ಸುಮ್ನೆ ಅಲ್ಲ, ಕೇಬಲ್ ಸಡಿಲವಾಗಿದ್ದಕ್ಕೆಲ್ಲ ಟೆರಾಬೈಟ್‌ಗಟ್ಟಲೆ ನಕಲು ಮಾಡೋಕಾಗುತ್ತದಾ? ಅಲ್ಲಿ ಓಟಿನ ಗೊಡವೆ ಇಲ್ಲ, ಪ್ರತಿ ತುಣುಕಿಗೂ ಸಾಮಾನ್ಯವಾಗಿ 3 ಪ್ರತಿ ಇದ್ದರೆ ಆಯಿತು. ಸತ್ತಿದ್ದು ಅಂದುಕೊಂಡ ಯಂತ್ರ ಹನ್ನೊಂದನೇ ನಿಮಿಷಕ್ಕೆ ಎದ್ದು ಬಂದರೆ, ಹಡೂಪ್ ಅಷ್ಟರೊಳಗೆ ಜಾಸ್ತಿಯಾದ ಪ್ರತಿಗಳನ್ನು ಅಳಿಸಿ ಆ ಯಂತ್ರವನ್ನು ಮತ್ತೆ ಕೆಲಸಕ್ಕೆ ಹಚ್ಚುತ್ತದೆ.