ಹೊರಹೋಗುವ ದಾರಿ ಯಾವುದು: ಬ್ರೆಕ್ಸಿಟ್ ವಾದದ ಹಿನ್ನೆಲೆ

2019ರ ಏಪ್ರಿಲ್ 1ರ ರಾತ್ರಿ ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ನಾಲ್ಕು ಪ್ರಸ್ತಾವಗಳನ್ನು ಮತಕ್ಕೆ ಹಾಕಿ ನಾಲ್ಕನ್ನೂ ತಿರಸ್ಕರಿಸಿತು. ಐರೋಪ್ಯ ಒಕ್ಕೂಟವನ್ನು ಬಿಟ್ಟ ಮೇಲೂ ಅದರೊಡನೆ ಸುಂಕದ ಒಕ್ಕೂಟದಲ್ಲಿ ಇರಬೇಕು ಎಂಬ ಹಿರಿಯ ಕನ್ಸರ್ವೇಟಿವ್ ಸಂಸದ ಕೆನ್ ಕ್ಲಾರ್ಕ್ ಅವರ ಪ್ರಸ್ತಾವದ ಪರ 273 ಮತಗಳು ಬಂದವು; ವಿರುದ್ಧ ಬಿದ್ದವು 276. ಸುಂಕದ ಜೊತೆಗೆ ಏಕ ಮಾರುಕಟ್ಟೆಯನ್ನೂ ಉಳಿಸಿಕೊಳ್ಳೋಣ ಎಂದು ಇನ್ನೊಂದು ಪ್ರಸ್ತಾವ ತಂದಿದ್ದ ನಿಕ್ ಬೋಲ್ಸ್ 261–282ರಲ್ಲಿ ಸೋತು, ತಮ್ಮ ಪಕ್ಷ ಯಾವ ರಾಜಿಗೂ ಒಪ್ಪುತ್ತಿಲ್ಲವೆಂದು ಸದನದಲ್ಲೇ ಹೇಳಿ, ಆ ಕ್ಷಣವೇ ಕನ್ಸರ್ವೇಟಿವ್ ಪಕ್ಷವನ್ನು ಬಿಟ್ಟು ಹೊರನಡೆದರು. ಒಕ್ಕೂಟದಿಂದ ಹೊರಬರಬೇಕೆಂದು ಜನ ತೀರ್ಪು ಕೊಟ್ಟು ಆಗಲೇ ಎರಡು ವರ್ಷ ಒಂಬತ್ತು ತಿಂಗಳು ಕಳೆದಿದ್ದವು. ಹೇಗೆ ಹೊರಬರಬೇಕೆಂಬುದಕ್ಕೆ ಮಾತ್ರ ಸಂಸತ್ತಿನಲ್ಲಿ ಬಹುಮತವೇ ಹುಟ್ಟಿರಲಿಲ್ಲ.

ಈ ಬಿಕ್ಕಟ್ಟಿನ ಬೇರು ಹುಡುಕಬೇಕಾದರೆ ಬ್ರಿಟನ್ ಒಳಗೆ ಬಂದ ಬಗೆಯನ್ನೂ ನೋಡಬೇಕಾಗುತ್ತದೆ. 1963ರಲ್ಲಿ ಒಮ್ಮೆ, 1967ರಲ್ಲಿ ಮತ್ತೊಮ್ಮೆ ಫ್ರಾನ್ಸ್ ಅಧ್ಯಕ್ಷ ಷಾರ್ಲ್ ದ ಗಾಲ್ ಬ್ರಿಟನ್ನಿನ ಪ್ರವೇಶವನ್ನು ತಡೆದಿದ್ದರು. ಕೊನೆಗೆ 1973ರ ಜನವರಿ 1ರಂದು, ಎಡ್ವರ್ಡ್ ಹೀತ್ ಪ್ರಧಾನಿಯಾಗಿದ್ದಾಗ, ಬ್ರಿಟನ್ ಐರೋಪ್ಯ ಆರ್ಥಿಕ ಸಮುದಾಯದ ಸದಸ್ಯನಾಯಿತು. ಎರಡೇ ವರ್ಷಗಳಲ್ಲಿ, 1975ರ ಜೂನ್ 5ರಂದು, ಲೇಬರ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಸದಸ್ಯತ್ವವನ್ನು ಜನಮತಗಣನೆಗೆ ಒಡ್ಡಿದರು. ಸಂಪುಟವೇ ಒಡೆದುಹೋಗಿದ್ದರಿಂದ ಮಂತ್ರಿಗಳು ಪರವಾಗಿಯೂ ವಿರೋಧವಾಗಿಯೂ ಪ್ರಚಾರ ಮಾಡಲು ಅವರು ಅವಕಾಶ ಕೊಟ್ಟಿದ್ದರು. ಶೇ 67.2ರಷ್ಟು ಮತದಾರರು ಉಳಿಯೋಣ ಎಂದರು. ಆ ತೀರ್ಪನ್ನು ಜಾರಿಗೆ ತರಲು ಯಾರೂ ಏನೂ ಮಾಡಬೇಕಾಗಿರಲಿಲ್ಲ, ಏಕೆಂದರೆ ಉಳಿಯುವುದೆಂದರೆ ಏನೆಂಬುದು ಕಣ್ಣ ಮುಂದೆಯೇ ಇತ್ತು. ಹೊರಡುವುದಕ್ಕೆ ಅಂಥದೊಂದು ಸ್ಪಷ್ಟ ರೂಪ ಇರುವುದಿಲ್ಲ ಎಂಬ ವ್ಯತ್ಯಾಸವನ್ನು ನಾಲ್ಕು ದಶಕಗಳ ನಂತರ ಎರಡನೇ ಜನಮತಗಣನೆಯನ್ನು ಕರೆದವರು ಗಂಭೀರವಾಗಿ ಪರಿಗಣಿಸಲಿಲ್ಲ.

2016ರ ಜೂನ್ 23ರಂದು ಮತಪತ್ರದಲ್ಲಿದ್ದುದು ಒಂದೇ ಪ್ರಶ್ನೆ: ಒಕ್ಕೂಟದಲ್ಲಿ ಉಳಿಯಬೇಕೇ, ಬಿಡಬೇಕೇ? ಶೇ 72ರಷ್ಟು ಮತದಾನವಾಗಿ, 1.74 ಕೋಟಿ ಜನ ಬಿಡೋಣವೆಂದರು, 1.61 ಕೋಟಿ ಜನ ಉಳಿಯೋಣವೆಂದರು, ಶೇಕಡಾವಾರು 51.9 ಮತ್ತು 48.1. ಇಂಗ್ಲೆಂಡ್ ಮತ್ತು ವೇಲ್ಸ್ ಹೊರಬರುವುದರ ಪರ ನಿಂತರೆ, ಸ್ಕಾಟ್ಲೆಂಡಿನಲ್ಲಿ ಶೇ 62ರಷ್ಟು, ಉತ್ತರ ಐರ್ಲೆಂಡಿನಲ್ಲಿ ಸುಮಾರು ಶೇ 56ರಷ್ಟು ಮತಗಳು ಉಳಿಯುವುದರ ಪರ ಬಿದ್ದವು. ಬಿಡಬೇಕೆಂದು ವಾದಿಸಿದವರು ಬಿಟ್ಟ ಮೇಲಿನ ವ್ಯವಸ್ಥೆಯ ಒಂದೇ ನಕ್ಷೆಯನ್ನು ಮತದಾರರ ಮುಂದಿಡಲಿಲ್ಲ. ಇಟ್ಟಿದ್ದರೆ ಅವರ ಬೆಂಬಲಿಗರೇ ಒಡೆಯುತ್ತಿದ್ದರು. ಉಳಿಯಬೇಕೆಂದಿದ್ದ ಡೇವಿಡ್ ಕ್ಯಾಮರೂನ್ ಸರ್ಕಾರವಾದರೋ ಸೋತರೆ ಏನು ಮಾಡಬೇಕೆಂಬ ಸಿದ್ಧತೆಯನ್ನೇ ಅಧಿಕಾರಿಗಳಿಂದ ಮಾಡಿಸಿರಲಿಲ್ಲ. ಸಂಸತ್ತಿನ ವಿದೇಶಾಂಗ ಸಮಿತಿ ಅದನ್ನು ಘೋರ ನಿರ್ಲಕ್ಷ್ಯವೆಂದು ಕರೆಯಿತು. ಆ ಮಾತು ಕಟುವಾದರೂ ನ್ಯಾಯವಾದದ್ದು.

ಹೊರಹೋಗುವುದಕ್ಕೆ ಇದ್ದ ದಾರಿಗಳು ಯಾವುವು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ಜಗಳವೆಲ್ಲ ಎರಡು ಪದಗಳ ಸುತ್ತಲೇ ನಡೆಯಿತು. ಸುಂಕದ ಒಕ್ಕೂಟವೆಂದರೆ ಸದಸ್ಯ ದೇಶಗಳು ತಮ್ಮತಮ್ಮೊಳಗೆ ಆಮದು ಸುಂಕ ವಿಧಿಸದೆ, ಹೊರಗಿನಿಂದ ಬರುವ ಸರಕಿಗೆ ಎಲ್ಲರೂ ಒಂದೇ ದರ ವಿಧಿಸುವ ವ್ಯವಸ್ಥೆ. ಅದರಲ್ಲಿರುವ ದೇಶಕ್ಕೆ ಭಾರತದೊಂದಿಗೋ ಅಮೆರಿಕದೊಂದಿಗೋ ಸರಕಿನ ಸುಂಕದ ವಿಚಾರದಲ್ಲಿ ತನ್ನದೇ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯ ಇರುವುದಿಲ್ಲ. ಏಕ ಮಾರುಕಟ್ಟೆ ಇದಕ್ಕಿಂತ ಆಳವಾದದ್ದು. ಔಷಧದ ಗುಣಮಟ್ಟ, ಮಾಂಸದ ಶುಚಿತ್ವ, ಬ್ಯಾಂಕಿನ ಪರವಾನಗಿ ಎಲ್ಲಕ್ಕೂ ಸಮಾನ ನಿಯಮಗಳಿದ್ದು, ಸರಕು, ಸೇವೆ, ಬಂಡವಾಳ ಮತ್ತು ಜನ ಎಲ್ಲಿಂದ ಎಲ್ಲಿಗಾದರೂ ಓಡಾಡಬಹುದು. ನಾರ್ವೆ ಒಕ್ಕೂಟದ ಸದಸ್ಯನಲ್ಲದಿದ್ದರೂ ಏಕ ಮಾರುಕಟ್ಟೆಯೊಳಗಿದೆ, ಸುಂಕದ ಒಕ್ಕೂಟದ ಹೊರಗಿದೆ. ಟರ್ಕಿ ಬಹುಪಾಲು ಕೈಗಾರಿಕಾ ಸರಕಿನ ಮಟ್ಟಿಗೆ ಸುಂಕದ ಒಕ್ಕೂಟದೊಳಗಿದೆ, ಏಕ ಮಾರುಕಟ್ಟೆಯ ಹೊರಗಿದೆ. ಕೆನಡಾ ಎರಡರ ಹೊರಗೂ ನಿಂತು ಒಂದು ವ್ಯಾಪಾರ ಒಪ್ಪಂದ ಮಾಡಿಕೊಂಡಿದೆ. ಇದಾವುದೂ ಬೇಡ, ವಿಶ್ವ ವ್ಯಾಪಾರ ಸಂಸ್ಥೆಯ ಸಾಮಾನ್ಯ ನಿಯಮಗಳೇ ಸಾಕು, ಒಪ್ಪಂದವಿಲ್ಲದೆಯೇ ಹೊರಬರೋಣ ಎನ್ನುವವರೂ ಇದ್ದರು. ವಲಸೆಯನ್ನು ತಡೆಯಬೇಕೆಂದು ಮತ ಹಾಕಿದವರಿಗೆ ನಾರ್ವೆಯ ದಾರಿ ಮೋಸದಂತೆ ಕಂಡಿತು. ಬಿಡಿಭಾಗಗಳು ಇಂಗ್ಲಿಷ್ ಕಡಲ್ಗಾಲುವೆ ದಾಟಿ ಯುರೋಪಿನಿಂದ ಗಂಟೆಗಳ ಲೆಕ್ಕದಲ್ಲಿ ಬರುವುದನ್ನೇ ನಂಬಿದ್ದ ಕಾರು ಕಾರ್ಖಾನೆಗಳಿಗೆ ಒಪ್ಪಂದವಿಲ್ಲದ ದಾರಿ ವಿನಾಶದಂತೆ ಕಂಡಿತು. ನಿಸಾನ್ ಕಾರ್ಖಾನೆಯಿರುವ ಸಂಡರ್ಲೆಂಡ್ ನಗರದಲ್ಲಿಯೇ ಶೇ 61ರಷ್ಟು ಜನ ಬಿಡೋಣವೆಂದಿದ್ದರು ಎಂಬುದನ್ನು ನೆನೆದರೆ, ಈ ಎರಡು ಆತಂಕಗಳೂ ಎಷ್ಟೋ ಸಲ ಒಂದೇ ಬೀದಿಯಲ್ಲಿ ವಾಸವಾಗಿದ್ದವು ಎಂಬುದು ತಿಳಿಯುತ್ತದೆ.

ಕ್ಯಾಮರೂನ್ ನಿರ್ಗಮಿಸಿದ ಮೇಲೆ ಪ್ರಧಾನಿಯಾದ ಥೆರೇಸಾ ಮೇ ತಿಂಗಳುಗಟ್ಟಲೆ ‘ಬ್ರೆಕ್ಸಿಟ್ ಎಂದರೆ ಬ್ರೆಕ್ಸಿಟ್’ ಎಂದಷ್ಟೇ ಹೇಳುತ್ತಿದ್ದರು. 2017ರ ಜನವರಿ 17ರಂದು ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್‌ನಲ್ಲಿ ಮಾಡಿದ ಭಾಷಣದಲ್ಲಿ, ಏಕ ಮಾರುಕಟ್ಟೆ ಮತ್ತು ಈಗಿರುವ ಸುಂಕದ ಒಕ್ಕೂಟ ಎರಡನ್ನೂ ಬಿಡುವುದಾಗಿಯೂ, ಕೆಟ್ಟ ಒಪ್ಪಂದಕ್ಕಿಂತ ಒಪ್ಪಂದವಿಲ್ಲದಿರುವುದೇ ಮೇಲೆಂದೂ ಘೋಷಿಸಿದರು. ಸ್ವಲ್ಪ ಅಂತರದಲ್ಲಿ ಗೆದ್ದವರು ಸೋತ 48 ಶೇಕಡಾ ಜನರನ್ನು ಮಾತಿಗೆ ಕರೆಯಬಹುದಾಗಿದ್ದ ಹೊತ್ತು ಅದು. ಆ ಹೊತ್ತು ಕೈಜಾರಿತೆಂದೇ ನನ್ನ ಅನಿಸಿಕೆ. ವಿರೋಧ ಪಕ್ಷದೊಂದಿಗೆ ಮೇ ಔಪಚಾರಿಕ ಮಾತುಕತೆಗೆ ಕುಳಿತದ್ದು ಎರಡು ವರ್ಷಗಳ ನಂತರ, ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ.

2017ರ ಮಾರ್ಚ್ 29ರಂದು ಲಿಸ್ಬನ್ ಒಪ್ಪಂದದ 50ನೇ ವಿಧಿಯಡಿ ನೋಟಿಸು ಹೋಯಿತು. ಐದೇ ಪುಟ್ಟ ಕಂಡಿಕೆಗಳಿರುವ ಆ ವಿಧಿ ಹೊರಡುವ ದೇಶಕ್ಕೆ ಎರಡು ವರ್ಷದ ಗಡುವು ಹಾಕುತ್ತದೆ. ಮೊದಲು ಬಾಕಿ ಹಣ, ಪರಸ್ಪರರ ನೆಲದಲ್ಲಿ ನೆಲೆಸಿರುವ ನಾಗರಿಕರ ಹಕ್ಕು ಮತ್ತು ಐರ್ಲೆಂಡಿನ ಗಡಿ ಇತ್ಯರ್ಥವಾಗಲಿ, ವ್ಯಾಪಾರದ ಮಾತು ಆಮೇಲೆ ಎಂದು ಒಕ್ಕೂಟ ಪಟ್ಟು ಹಿಡಿಯಿತು. ಬ್ರಿಟನ್ ಜೂನ್‌ನಲ್ಲಿ ಮಾತುಕತೆಯ ಮೊದಲ ದಿನವೇ ಅದಕ್ಕೆ ಒಪ್ಪಿತು. ಅದೇ ತಿಂಗಳು ಮೇ ಅವಧಿಗೆ ಮುನ್ನವೇ ಚುನಾವಣೆ ನಡೆಸಿ ಇದ್ದ ಬಹುಮತವನ್ನೂ ಕಳೆದುಕೊಂಡು, ಉತ್ತರ ಐರ್ಲೆಂಡಿನ ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷದ (ಯೂನಿಯನಿಸ್ಟರೆಂದರೆ ಆ ಪ್ರಾಂತ ಬ್ರಿಟನ್ನಿನಲ್ಲೇ ಉಳಿಯಬೇಕೆನ್ನುವವರು) 10 ಸಂಸದರ ಬೆಂಬಲವನ್ನು ನೆಚ್ಚಬೇಕಾಯಿತು.

ಗಂಟು ಬಿದ್ದದ್ದು ಅಲ್ಲಿಯೇ. ಐರ್ಲೆಂಡ್ ದ್ವೀಪವನ್ನು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್ ಮತ್ತು ಒಕ್ಕೂಟದ ಸದಸ್ಯನಾದ ಸ್ವತಂತ್ರ ಐರ್ಲೆಂಡ್ ಎಂದು ಇಬ್ಭಾಗಿಸುವ ಸುಮಾರು 500 ಕಿಲೋಮೀಟರ್ ಗಡಿಯನ್ನು ಇನ್ನೂರಕ್ಕೂ ಹೆಚ್ಚು ರಸ್ತೆಗಳು ದಾಟುತ್ತವೆ. ಯೂನಿಯನಿಸ್ಟರಿಗೂ ಐರ್ಲೆಂಡ್ ಒಂದಾಗಬೇಕೆನ್ನುವ ರಾಷ್ಟ್ರೀಯವಾದಿಗಳಿಗೂ ನಡುವಿನ ಒಡಕಿನಿಂದ ಹುಟ್ಟಿ, ಮೂರೂವರೆ ಸಾವಿರದಷ್ಟು ಜೀವಗಳನ್ನು ಬಲಿ ಪಡೆದ ಹಿಂಸೆಯ ವರ್ಷಗಳಲ್ಲಿ ಆ ರಸ್ತೆಗಳ ಮೇಲೆ ಸೈನಿಕರ ಕಾವಲು ಇತ್ತು. 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದ ಬಳಿಕ ಕಾವಲು ಹೋಯಿತು. ಎರಡೂ ಕಡೆ ಒಂದೇ ಮಾರುಕಟ್ಟೆಯ ನಿಯಮಗಳಿದ್ದುದರಿಂದ ಸರಕಿನ ತಪಾಸಣೆಯೂ ಬೇಕಿರಲಿಲ್ಲ. ಬ್ರಿಟನ್ ಹೊರಬಂದರೆ ಅದೇ ಗೆರೆ ಒಕ್ಕೂಟದ ಹೊರ ಗಡಿಯಾಗುತ್ತದೆ. ತಪಾಸಣೆ ಆ ಗೆರೆಯ ಮೇಲೆ ನಡೆಯಬೇಕು, ಇಲ್ಲವೇ ಉತ್ತರ ಐರ್ಲೆಂಡ್ ಮತ್ತು ಬ್ರಿಟನ್ನಿನ ಮುಖ್ಯ ದ್ವೀಪದ ನಡುವಿನ ಸಮುದ್ರದಲ್ಲಿ ನಡೆಯಬೇಕು, ಇಲ್ಲವೇ ಇಡೀ ದೇಶ ಒಕ್ಕೂಟದ ನಿಯಮಗಳಿಗೆ ಹತ್ತಿರವೇ ಉಳಿಯಬೇಕು. ನಾಲ್ಕನೆಯ ದಾರಿಯೊಂದು ತಂತ್ರಜ್ಞಾನದಿಂದ ಸಿಗುತ್ತದೆಂದು ಹಲವರು ಹೇಳಿದರು, ತೋರಿಸಿಕೊಟ್ಟವರು ಯಾರೂ ಇಲ್ಲ. ಜನಮತಗಣನೆಯ ಪ್ರಚಾರದಲ್ಲಿ ಈ ವಿಷಯ ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಕೇಳಿಬಂದೇ ಇರಲಿಲ್ಲ ಎಂಬುದು ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ನೋವಿನ ಸಂಗತಿ.

ಮೇ ಆಯ್ದುಕೊಂಡದ್ದು ಮೂರನೆಯ ದಾರಿಯ ಒಂದು ರೂಪ. ಬೇರೆ ವ್ಯವಸ್ಥೆ ಸಿದ್ಧವಾಗುವ ತನಕ ಇಡೀ ಬ್ರಿಟನ್ ಒಕ್ಕೂಟದೊಡನೆ ಒಂದೇ ಸುಂಕ ಪ್ರದೇಶದಲ್ಲಿ ಇರುತ್ತದೆ ಎಂಬ ‘ಬ್ಯಾಕ್‌ಸ್ಟಾಪ್’ ಏರ್ಪಾಟನ್ನು ಒಳಗೊಂಡ ನಿರ್ಗಮನ ಒಪ್ಪಂದದ 585 ಪುಟಗಳ ಕರಡು 2018ರ ನವೆಂಬರ್‌ನಲ್ಲಿ ಹೊರಬಂತು. ಅದಕ್ಕೆ ಮುಂಚೆಯೇ, ಜುಲೈನಲ್ಲಿ, ಪ್ರಧಾನಿಯ ಗ್ರಾಮಾಂತರ ನಿವಾಸವಾದ ಚೆಕರ್ಸ್‌ನಲ್ಲಿ ರೂಪುಗೊಂಡ ಯೋಜನೆಯನ್ನು ಒಪ್ಪದೆ ಡೇವಿಡ್ ಡೇವಿಸ್ ಮತ್ತು ಬೋರಿಸ್ ಜಾನ್ಸನ್ ಸಂಪುಟ ಬಿಟ್ಟಿದ್ದರು. ಕರಡು ಪ್ರಕಟವಾದ ಮರುದಿನ ಬ್ರೆಕ್ಸಿಟ್ ಸಚಿವ ಡೊಮಿನಿಕ್ ರಾಬ್ ಕೂಡ ಹೊರನಡೆದರು. ಒಬ್ಬರಿಗೆ ಅದು ಬಿಡುಗಡೆಯೇ ಇಲ್ಲದ ಬಂಧನ, ಇನ್ನೊಬ್ಬರಿಗೆ ಸದಸ್ಯತ್ವಕ್ಕಿಂತ ಕೆಳಗಿನ ಸ್ಥಿತಿ. 2019ರ ಜನವರಿ 15ರಂದು ಆ ಒಪ್ಪಂದ 432–202ರಲ್ಲಿ ಸೋತಿತು. ಆಧುನಿಕ ಬ್ರಿಟಿಷ್ ಸಂಸತ್ತಿನಲ್ಲಿ ಯಾವ ಸರ್ಕಾರವೂ 230 ಮತಗಳ ಅಂತರದಿಂದ ಸೋತಿರಲಿಲ್ಲ. ಮಾರ್ಚ್ 12ರಂದು 149 ಮತಗಳಿಂದ, 29ರಂದು 58 ಮತಗಳಿಂದ ಮತ್ತೆ ಸೋತಿತು. ನಡುವೆ ಸ್ಪೀಕರ್ ಜಾನ್ ಬರ್ಕೋ, ಒಮ್ಮೆ ತೀರ್ಮಾನವಾದ ಪ್ರಶ್ನೆಯನ್ನು ಅದೇ ಅಧಿವೇಶನದಲ್ಲಿ ಮತ್ತೆ ತರಲಾಗದೆಂದು 1604ರಷ್ಟು ಹಳೆಯ ಸಂಪ್ರದಾಯವನ್ನು ಎತ್ತಿಹಿಡಿದರು.

ಏಪ್ರಿಲ್ 1ರ ಆ ಮೂರು ಮತಗಳ ಅಂತರಕ್ಕೆ ಹೊಣೆ ಒಂದೇ ಕಡೆಯದಲ್ಲ. ಒಪ್ಪಂದವಿಲ್ಲದೆ ಹೊರಬರಲು ತಯಾರಿದ್ದವರು ಸುಂಕದ ಒಕ್ಕೂಟವನ್ನು ವಿರೋಧಿಸುವುದು ಸಹಜವಾಗಿತ್ತು. ಆದರೆ ಮತ್ತೊಂದು ಜನಮತಗಣನೆ ನಡೆಸಿ ಬ್ರೆಕ್ಸಿಟ್ಟನ್ನೇ ತಡೆಯಬಹುದೆಂದು ನಂಬಿದ್ದ ಕೆಲವು ಸಂಸದರೂ ಆ ನಡುದಾರಿಗೆ ಕೈಯೆತ್ತಲಿಲ್ಲ. ನೋಟಿಸನ್ನೇ ಹಿಂಪಡೆಯಿರೆಂಬ ಮನವಿಗೆ 60 ಲಕ್ಷಕ್ಕೂ ಹೆಚ್ಚು ಜನ ಸಹಿ ಮಾಡಿದ್ದ ಆ ವಾರಗಳಲ್ಲಿ, ಪೂರ್ಣ ಗೆಲುವು ಕೈಗೆಟುಕುವಂತಿದೆಯೆಂಬ ಭಾವನೆ ಎರಡೂ ತುದಿಗಳಲ್ಲಿ ಬಲವಾಗಿತ್ತು.

ಗೆದ್ದದ್ದು ಒಂದು ತುದಿ ಮಾತ್ರ. ಜುಲೈನಲ್ಲಿ ಪ್ರಧಾನಿಯಾದ ಜಾನ್ಸನ್ ಸಂಸತ್ತನ್ನು ಐದು ವಾರ ಮುಂದೂಡಿದ್ದನ್ನು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಸೆಪ್ಟೆಂಬರ್ 24ರಂದು ಸರ್ವಾನುಮತದಿಂದ ಕಾನೂನುಬಾಹಿರವೆಂದರು. ಅವರು ಅಕ್ಟೋಬರ್‌ನಲ್ಲಿ ತಂದ ಹೊಸ ಒಪ್ಪಂದ ತಪಾಸಣೆಯನ್ನು ಐರಿಷ್ ಸಮುದ್ರಕ್ಕೆ ಸರಿಸಿತು, ಅಂದರೆ ಎರಡನೆಯ ದಾರಿ. ಡಿಸೆಂಬರ್‌ನ ಚುನಾವಣೆಯಲ್ಲಿ 80 ಸ್ಥಾನಗಳ ಬಹುಮತ ಪಡೆದು, 2020ರ ಜನವರಿ 31ರ ರಾತ್ರಿ ಬ್ರಿಟನ್ನನ್ನು ಒಕ್ಕೂಟದಿಂದ ಹೊರತಂದರು. ವ್ಯಾಪಾರ ಒಪ್ಪಂದ ಆ ವರ್ಷದ ಡಿಸೆಂಬರ್ 24ರಂದು ಕುದುರಿತು. ಕೊನೆಯ ಗಳಿಗೆಯ ತನಕ ಎಳೆದಾಡಿದ ವಿಷಯಗಳಲ್ಲಿ ಮೀನುಗಾರಿಕೆಯೂ ಒಂದು.

ಸಮುದ್ರದ ತಪಾಸಣೆ ತಮ್ಮನ್ನು ಬ್ರಿಟನ್ನಿನಿಂದ ಬೇರ್ಪಡಿಸುತ್ತದೆಂದು ಯೂನಿಯನಿಸ್ಟರು ಸಿಟ್ಟಾದರು, ಮತ್ತು ಅವರ ಸಿಟ್ಟಿಗೆ ಕಾರಣವಿತ್ತು. ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷ ಹೊರನಡೆದದ್ದರಿಂದ 2022ರ ಫೆಬ್ರುವರಿಯಿಂದ ಎರಡು ವರ್ಷ ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟ್‌ನಲ್ಲಿ ಪ್ರಾಂತೀಯ ಸರ್ಕಾರವೇ ನಡೆಯಲಿಲ್ಲ. ಇನ್ಫೊಸಿಸ್ ನಾರಾಯಣ ಮೂರ್ತಿಯವರ ಅಳಿಯನೆಂದು ಕನ್ನಡಿಗರಿಗೆ ಪರಿಚಿತರಾದ ರಿಷಿ ಸುನಕ್ ಪ್ರಧಾನಿಯಾಗಿದ್ದಾಗ, 2023ರ ಫೆಬ್ರುವರಿ 27ರಂದು, ವಿಂಡ್ಸರ್ ಚೌಕಟ್ಟು ಎಂಬ ತಿದ್ದುಪಡಿ ಆ ತಪಾಸಣೆಯನ್ನು ಸಡಿಲಿಸಿತು. ಸುಂಕದ ಒಕ್ಕೂಟದ ಹೊರಗಿದ್ದುದರಿಂದ ದೊರೆತ ಸ್ವಾತಂತ್ರ್ಯದ ಫಲವನ್ನು ಭಾರತವೂ ಕಂಡಿದೆ: 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದ, ಸ್ಕಾಚ್ ವಿಸ್ಕಿಯ ಮೇಲಿನ ಶೇ 150ರ ಸುಂಕವನ್ನು ಮೊದಲು 75ಕ್ಕೂ ಹತ್ತು ವರ್ಷಗಳಲ್ಲಿ 40ಕ್ಕೂ ಇಳಿಸುವ ಷರತ್ತಿನೊಂದಿಗೆ, ಬ್ರಿಟನ್ ಒಕ್ಕೂಟದೊಳಗಿದ್ದರೆ ಆಗುತ್ತಿರಲಿಲ್ಲ. ಏಪ್ರಿಲ್ 1ರ ರಾತ್ರಿ ಇನ್ನೆರಡು ಮತಗಳು ಆಚೀಚೆಯಾಗಿ ಕ್ಲಾರ್ಕ್ ಅವರ ಪ್ರಸ್ತಾವ ಜಾರಿಗೆ ಬಂದಿದ್ದರೂ ಆಗುತ್ತಿರಲಿಲ್ಲ.

ಉತ್ತರ ಐರ್ಲೆಂಡಿನ ವಿಧಾನಸಭೆ 2024ರ ಡಿಸೆಂಬರ್‌ನಲ್ಲಿ ಸಮುದ್ರದ ತಪಾಸಣೆಯ ಏರ್ಪಾಟನ್ನು 48–36 ಮತಗಳಿಂದ ಮುಂದುವರಿಸಿತು. ಪರವಾಗಿ ಬಂದ ಮತಗಳಲ್ಲಿ ಯೂನಿಯನಿಸ್ಟರದು ಒಂದೂ ಇರಲಿಲ್ಲ. ಎರಡೂ ಸಮುದಾಯಗಳು ಒಪ್ಪಿದ್ದರೆ ಅದರ ಅವಧಿ ಎಂಟು ವರ್ಷವಾಗುತ್ತಿತ್ತು. ಒಪ್ಪದ ಕಾರಣ ನಾಲ್ಕೇ ವರ್ಷ. 2028ರಲ್ಲಿ ಅದೇ ಸದನ ಅದೇ ಪ್ರಶ್ನೆಗೆ ಮತ್ತೆ ಮತ ಹಾಕಬೇಕಿದೆ.